ಅಲ್ತಾರಿನ ಗೊಂಚಲು

ತಿಪ್ಪೆಯೊಳಗೆ ವೇದಾವತಿ ಮೊಣಕೈತನಕ ಕೈ ಹೂತಿದ್ದಳು.

ಮೇಲ್ಪದರ ಚಳಿಗಾಲದ ಮಳೆಗೆ ನೆನೆದು ಕೊಳೆತಿತ್ತು. ಒಳಗೆ ಮಾತ್ರ ಇನ್ನೂ ಬಿಸಿಯಿತ್ತು. ಹಿಂಡಿ ರಸ ತೆಗೆದ ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳನ್ನೆಲ್ಲ ಮೊಂತೇರೊ ಎಸ್ಟೇಟಿನವರು ವೈನರಿಯ ಹಿಂದೆ ತಂದು ಸುರಿಯುತ್ತಿದ್ದದ್ದು ಇಲ್ಲೇ. ಸುಟ್ಟ ಶೆಡ್ಡಿನ ಬೂದಿಯನ್ನು ಪೊಲೀಸರು ಮೂರು ದಿನ ಜಾಲಾಡಿದ್ದರು. ತಿಪ್ಪೆ ಕೆದಕಲು ಅವರಿಗೆ ತೋಚಿರಲಿಲ್ಲ. ಹೊಲಮನೆಯಲ್ಲಿ ಬೆಳೆದ ವೇದಾವತಿಯ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಮೂರು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಮನೆಯವರು ಇಗರ್ಜಿಗೆ ಹೋಗಿದ್ದಾಗ ಗುಡ್ಡದ ಆಚೆಯ ಹಳೆಯ ಶೆಡ್ಡು ಉರಿದುಹೋಗಿತ್ತು. ಬೆಂಕಿ ಹಚ್ಚಿದವನು ಎಂದು ಕೆಲಸಗಾರ ಜೀವನ್‌ನನ್ನು ಒಳಗೆ ಹಾಕಿದ್ದರು. ನಾಳೆ ಹತ್ತು ಗಂಟೆಗೆ ಮೆಲ್ಬರ್ನಿನ ಕೋರ್ಟಿನಲ್ಲಿ ಅವನ ಜಾಮೀನಿನ ವಿಚಾರಣೆ. ಅದಕ್ಕೆ ಮುಂಚೆ ಅವನ ಪರ ಪುರಾವೆ ಹುಡುಕುವುದು ಖಾಸಗಿ ಪತ್ತೇದಾರಳಾದ ವೇದಾವತಿಯ ಕೆಲಸ.

ಅವಳ ಕೈಗೆ ಒಂದು ತೊಟ್ಟು ಸಿಕ್ಕಿತು. ಹಣ್ಣು ಉದುರಿದ ಮೇಲೆ ಉಳಿದ ಕಡ್ಡಿಗಳ ಗೊಂಚಲು. ಜಾಕೆಟ್ಟಿನ ತೋಳಿಗೆ ಒರೆಸಿ ಬೆಳಕಿಗೆ ಹಿಡಿದಳು.

ಹಸಿರು ಇನ್ನೂ ಇತ್ತು.

ಬೆರಳಲ್ಲಿ ತಿಕ್ಕಿದಳು. ಜಾರಿತು. ಮೂಗಿನ ಹತ್ತಿರ ತಂದಳು. ಕೊಳೆತ ವಾಸನೆಯ ಅಡಿಯಲ್ಲಿ, ಬಟ್ಟೆ ಸೋಪಿಗೆ ಎಣ್ಣೆ ಬೆರೆಸಿದಂಥ ಇನ್ನೊಂದು ವಾಸನೆ, ತೆಳ್ಳಗೆ.

ಅವಳ ಮೈಯಲ್ಲಿ ಸಿಟ್ಟು ಏರಿತು. ಹನ್ನೆರಡು ವರ್ಷದವಳಿದ್ದಾಗ ತಿಕೋಟಾದ ತಮ್ಮ ಶೆಡ್ಡಿನಲ್ಲಿ ಹತ್ತಿದ ಈ ವಾಸನೆಯನ್ನು ತಲೆಗೂದಲಿಂದ ತೊಳೆಯಲು ಅವಳಿಗೆ ವಾರ ಹಿಡಿಯುತ್ತಿತ್ತು. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವವರ ಡಿಪ್ಪಿಂಗ್ ಆಯಿಲ್. ದ್ರಾಕ್ಷಿಯ ಗೊಂಚಲನ್ನು ಅದರಲ್ಲಿ ಅದ್ದಿ ತೆಗೆದರೆ ಹಣ್ಣಿನ ಮೇಲಿನ ಮೇಣದಂಥ ಬೂದಿ ಬಿಟ್ಟುಹೋಗುತ್ತದೆ, ನೀರು ಬೇಗ ಆರುತ್ತದೆ, ತಿಂಗಳ ಕೆಲಸ ಎರಡು ವಾರಕ್ಕೆ ಮುಗಿಯುತ್ತದೆ. ತೊಟ್ಟು ಹಸಿರಾಗಿಯೇ ಒಣಗುತ್ತದೆ.

ಬಿಜಾಪುರದ ಕಡೆ ಅದು ಮರ್ಯಾದೆಯ ಕೆಲಸ. ಇಲ್ಲಿ ಅದು ಕಳ್ಳತನ.

ಯಾಕೆಂದರೆ ಮೊಂತೇರೊ ಮನೆತನದ ಹೆಸರು ನಿಂತದ್ದೇ ಬೂಷ್ಟಿನ ಮೇಲೆ. ಎಲ್ಲರ ತೋಟದಲ್ಲೂ ಕೊಯ್ಲು ಮುಗಿದ ಮೇಲೆ ಇವರು ಎರಡು ತಿಂಗಳು ಹಣ್ಣನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಬೆಳಗಿನ ಮಂಜಿಗೆ ಹಣ್ಣಿನ ಮೇಲೆ ಒಂದು ಜಾತಿಯ ಒಳ್ಳೆಯ ಬೂಷ್ಟು ಹತ್ತುತ್ತದೆ, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಮುದುಡುತ್ತದೆ. ಕಂದುಬಣ್ಣಕ್ಕೆ ತಿರುಗಿ ನೋಡಲು ಅಸಹ್ಯವಾದ ಆ ಹಣ್ಣಿನಿಂದ ಜೇನಿನಂಥ ರಸ ಇಳಿಯುತ್ತದೆ. ಆ ಸಿಹಿ ವೈನಿಗೆ ಮೋರಿಸ್ ಮೊಂತೇರೊ ತಮ್ಮ ಹೆಂಡತಿಯ ಹೆಸರಿಟ್ಟಿದ್ದರು: ‘ಹಿಲ್ಡಾ’. ಸಿಡ್ನಿಯ ದೊಡ್ಡ ಹೋಟೆಲುಗಳಲ್ಲಿ ಊಟದ ಕೊನೆಗೆ ಹೆಬ್ಬೆರಳಿನಷ್ಟು ಎತ್ತರಕ್ಕೆ ಅದನ್ನು ಸುರಿದು ಕೊಟ್ಟರೆ ಜನ ಮಾತು ನಿಲ್ಲಿಸಿ ಕುಡಿಯುತ್ತಿದ್ದರು.

ಬೂಷ್ಟು ಹತ್ತಿದ ಗೊಂಚಲಿನ ತೊಟ್ಟು ಹಸಿರಾಗಿರಲು ಸಾಧ್ಯವೇ ಇಲ್ಲ.

“ಎಕ್ಸ್‌ಕ್ಯೂಸ್ ಮಿ! ಅಲ್ಲಿ ಏನ್ ಮಾಡ್ತಾ ಇದೀರ?”

ಮೋರಿಸರ ಮಗ ಆಲ್ರಾಯ್. ಬೂಟಿಗೆ ಕೆಸರು ತಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿಕೊಂಡು, ಎಸ್ಟೇಟಿಗೆ ದಿನಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವ ಮಾಲೀಕ.

“ಕಸ ನೋಡ್ತಿದ್ದೆ,” ಎಂದಳು ವೇದಾವತಿ.

“ಮೇಡಂ, ಡ್ಯಾಡ್ ಪರ್ಮಿಷನ್ ಕೊಟ್ಟಿದ್ದು ಶೆಡ್ ನೋಡೋಕೆ. ತಿಪ್ಪೆ ಕೆದಕೋಕಲ್ಲ. ಸಿಡ್ನಿ ಚಾಟ್ಸ್‌ವುಡ್‌ನಿಂದ ಫ್ಲೈಟ್ ಹತ್ತಿ ಬಂದಿದ್ದು ಇದಕ್ಕಾ?”

“ಜೀವನ್‌ಗೆ ನೀವು ಯಾಕೆ ಕೆಲಸದಿಂದ ಹೋಗು ಅಂದ್ರಿ?”

“ಪೊಲೀಸ್‌ಗೆ ಹೇಳಿದೀನಿ. ಕದೀತಿದ್ದ.”

“ಏನು ಕದ್ದ?”

“ಸ್ಟಫ್.” ಆಲ್ರಾಯ್ ಹುಬ್ಬು ಗಂಟಿಕ್ಕಿದ. “ಶುಕ್ರವಾರ ನಂಗೇ ಥ್ರೆಟನ್ ಮಾಡ್ದ. ‘ಎಲ್ಲಾ ಹೊರಗೆ ಹಾಕ್ತೀನಿ’ ಅಂದ. ಸಂಡೇ ಬೆಂಕಿ ಇಟ್ಟ. ಸಿಂಪಲ್.”

ಏನನ್ನು ಹೊರಗೆ ಹಾಕುತ್ತೇನೆ ಅಂದಿದ್ದ ಎಂಬುದು ಈಗ ವೇದಾವತಿಯ ಕೈಯಲ್ಲೇ ಇತ್ತು. ತೊಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದಳು. ಆದರೆ ಇದೊಂದನ್ನೇ ಹಿಡಿದು ಕೋರ್ಟಿಗೆ ಹೋದರೆ ನಗುತ್ತಾರೆ. ತಿಪ್ಪೆಗೆ ಯಾರು ಬೇಕಾದರೂ ಏನು ಬೇಕಾದರೂ ಎಸೆಯಬಹುದು.

ಬೆಳಿಗ್ಗೆ ಇಂಚರಾ ಫೋನು ಮಾಡಿದ್ದಳು, ಸಿಡ್ನಿಯ ಮಾರ್ಸ್ಡನ್ ಪಾರ್ಕಿನಿಂದ. ಜೀವನ್‌ನ ಹೆಂಡತಿ. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ನರ್ಸಿನ ಕೆಲಸ. ಅತ್ತಿರಲಿಲ್ಲ, ಸಿಡಿದಿದ್ದಳು. “ಮೇಡಂ, ನಾಳೆ ಬೇಲ್ ಸಿಗ್ಲಿಲ್ಲ ಅಂದ್ರೆ ವೀಸಾ ಕ್ಯಾನ್ಸಲ್ ಮಾಡ್ತಾರಂತೆ. ಲಾಯರ್ ಹೇಳಿದ್ರು. ಇಲ್ಲೇ ಕಾಯಮ್ಮಾಗಿ ಉಳಿಯೋ ಪಿಆರ್‌ಗೆ ಅಂತ ಆರು ವರ್ಷದಿಂದ ಇವ್ರು ಒಂದ್ ಕಡೆ ನಾನೊಂದ್ ಕಡೆ ಇದೀವಿ! ಈ ಮನುಷ್ಯ ನಂಗೂ ಏನೂ ಬಾಯಿ ಬಿಡ್ತಿಲ್ಲ. ‘ನಾನು ಹಚ್ಚಿಲ್ಲ’ ಅನ್ನೋದು ಬಿಟ್ರೆ ಇನ್ನೊಂದ್ ಮಾತಿಲ್ಲ. ಯಾರನ್ನ ಕಾಪಾಡ್ತಿದಾರೆ ಅಂತ ನೀವಾದ್ರೂ ಕೇಳಿ.”

“ಆಲ್ರಾಯ್! ಅವರನ್ನು ಒಳಗೆ ಕರಿ. ಚಳಿಯಲ್ಲಿ ಹೊರಗೆ ನಿಲ್ಲಿಸಿ ಎಂತ ಮಾತು?”

ಮನೆಯ ಜಗುಲಿಯಿಂದ ಕೂಗಿದ್ದು ಹಿಲ್ಡಾ. ಎಪ್ಪತ್ತು ದಾಟಿದ ಸಣ್ಣ ಜೀವ, ಕೈಯಲ್ಲಿ ಊರುಗೋಲು. ಏಪ್ರಿಲ್‌ನಲ್ಲಿ ಸೊಂಟದ ಆಪರೇಷನ್ ಆಗಿ, ಮೇ ಪೂರ್ತಿ ಮೆಲ್ಬರ್ನಿನ ಆಸ್ಪತ್ರೆಯಲ್ಲಿ ಕಳೆದು ಬಂದವರು.

“ಮಮ್ಮಾ, ಶೀ ಈಸ್ ಲೀವಿಂಗ್,” ಎಂದ ಆಲ್ರಾಯ್.

“ಚಾ ಕುಡಿಯದೆ ನಮ್ಮ ಮನೆಯಿಂದ ಯಾರೂ ಹೋದದ್ದಿಲ್ಲ. ಬನ್ನಿ ಅಮ್ಮಾ, ಕೈ ತೊಳ್ಕೊಳ್ಳಿ.”

ವೇದಾವತಿ ಕೈ ತೊಳೆದು ಒಳಗೆ ಹೋದಳು.

ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಮೋರಿಸ್ ಕೂತಿದ್ದರು. ಎತ್ತರದ ಆಳು, ಈಗ ಭುಜ ಬಾಗಿದೆ. ಅವರ ಬೆನ್ನ ಹಿಂದೆ ಮನೆಯ ಅಲ್ತಾರು: ಶಿಲುಬೆ, ಮಾತೆಯ ಮೂರ್ತಿ, ಎರಡು ಮೇಣದಬತ್ತಿ. ಅದರ ಮೇಲೆ ಗೋಡೆಗೆ ಅಡ್ಡಲಾಗಿ ಮರದ ಕೋಲು. ಕೋಲಿನ ತುಂಬ ಒಣಗಿದ ದ್ರಾಕ್ಷಿ ಗೊಂಚಲುಗಳು, ಒಂದರ ಪಕ್ಕ ಒಂದು.

“ಇದೇನ್ರೀ ಇಷ್ಟೊಂದು?” ವೇದಾವತಿ ಕೇಳಿದಳು.

ಮೋರಿಸರ ಮುಖ ಅರಳಿತು. “ನಮ್ಮ ಊರಲ್ಲಿ ತೆನೆ ಹಬ್ಬ ಅಂತ ಉಂಟು. ಹೊಸ ಭತ್ತದ ತೆನೆ ಇಗರ್ಜಿಗೆ ಕೊಂಡ್ಹೋಗಿ, ಫಾದರ್ ಆಶೀರ್ವಾದ ಮಾಡಿದ ಮೇಲೆ ಮನೆಗೆ ತರುದು. ಇಲ್ಲಿ ಭತ್ತ ಎಲ್ಲಿಂದ ತರುದು ಮಾರಾಯ್ತಿ? ನಾನು ಕೊಯ್ಲಿನ ಮೊದಲ ಗೊಂಚಲು ಕೊಂಡ್ಹೋಗ್ಲಿಕ್ಕೆ ಶುರು ಮಾಡಿದೆ. ನಲವತ್ತೊಂದು ವರ್ಷ ಆಯಿತು. ಒಂದೂ ಬಿಸಾಡಿದ್ದಿಲ್ಲ. ಮಂತ್ರಿಸಿದ್ದನ್ನು ಬಿಸಾಡ್ಲಿಕ್ಕೆ ಇಲ್ಲ.”

ವೇದಾವತಿ ಹತ್ತಿರ ಹೋದಳು. ಎಡಗಡೆಯವು ಕಪ್ಪಾಗಿ, ಹುಣಿಸೆ ತೊಳೆಯಂತೆ ಗಟ್ಟಿಯಾಗಿದ್ದವು. ಬಲಕ್ಕೆ ಬಂದಂತೆ ಕಂದು, ಮೇಲೆ ಬೂದಿಯ ನಯವಾದ ಹೊದಿಕೆ. ನಲವತ್ತು ವರ್ಷದ ಮಂಜು ಬಿಸಿಲುಗಳು ಆ ಕೋಲಿನ ಮೇಲೆ ಸಾಲಾಗಿ ತೂಗುತ್ತಿದ್ದವು.

ಕೊನೆಯದರ ಮುಂದೆ ನಿಂತಳು. ಈ ವರ್ಷದ್ದು.

ಹೊಂಬಣ್ಣ. ತಿಕ್ಕಿ ಇಟ್ಟ ಹಿತ್ತಾಳೆಯ ಹಾಗೆ ಹೊಳಪು. ಹಸಿರು ತೊಟ್ಟು. ಬೂದಿಯ ಸುಳಿವಿಲ್ಲ.

ಅವಳಿಗೆ ನಗುವೂ ಬಂತು, ಮೈಯೂ ಉರಿಯಿತು. ತಾಯಿಯ ವೈನನ್ನು ಕೆಡಿಸಿದವನು ತಂದೆಯ ಪದ್ಧತಿಯನ್ನು ಮಾತ್ರ ತಪ್ಪಿಸುವ ಧೈರ್ಯ ಮಾಡಿರಲಿಲ್ಲ. ಬಳ್ಳಿಯಲ್ಲಿ ಬೂಷ್ಟಿನ ಗೊಂಚಲು ಒಂದೂ ಇಲ್ಲದ ವರ್ಷ, ಅಲ್ತಾರು ಬರಿದಾಗಬಾರದೆಂದು ಮಣೂಕದ ಚೌಕಟ್ಟಿನಿಂದಲೇ ಒಂದನ್ನು ತೆಗೆದು ಫಾದರ್ ಕೈಲಿ ಆಶೀರ್ವಾದ ಮಾಡಿಸಿ ತಂದು ತೂಗುಹಾಕಿದ್ದ!

“ಆಲ್ರಾಯ್,” ಎಂದಳು ಅವಳು ತಿರುಗದೆ, “ಈ ಗೊಂಚಲು ಯಾವ ಬಳ್ಳಿದು?”

“ವಾಟ್ ಡು ಯು ಮೀನ್? ನಮ್ದೇ.”

“ನಿಮ್ಮ ಬಳ್ಳೀದು ಹೌದು. ಬಳ್ಳಿ ಮ್ಯಾಲೆ ಒಣಗಿದ್ದಲ್ಲ.” ಸಿಟ್ಟು ಬಂದಾಗ ಅವಳ ಬಾಯಿಗೆ ಬಿಜಾಪುರ ಬರುತ್ತಿತ್ತು. “ಇದನ್ನ ಎಣ್ಣ್ಯಾಗ ಅದ್ದಿ, ಶೆಡ್ಡಿನ್ಯಾಗ ಹೀಟರ್ ಹಚ್ಚಿ ಒಣಗಿಸೀರಿ. ಇದು ಮಣೂಕ. ನಾನು ಮಣೂಕದಾಗ ಹುಟ್ಟಿ ಬೆಳದಾಕಿ. ನನಗ ಸುಳ್ಳು ಹೇಳಬ್ಯಾಡ್ರಿ.”

ಮೋರಿಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಎಂತ ಹೇಳ್ತಾ ಇದ್ದೀರಿ ನೀವು? ನಮ್ಮ ಮನೆಗೆ ಬಂದು, ನಮ್ಮ ಅಲ್ತಾರಿನ ಎದುರು ನಿಂತು...”

“ಸರ್, ಈ ವರ್ಷದ ರಸ ನೀವು ರುಚಿ ನೋಡಿದ್ರಾ?”

ಮೋರಿಸ್ ಕುರ್ಚಿಯ ಬೆನ್ನಿಗೆ ಕೈ ಊರಿದರು.

“ನೋಡಿರಬೇಕಲ್ಲ. ನಲವತ್ತೊಂದು ವರ್ಷದ ನಾಲಿಗೆ.”

“ಅವರಿಗೆ ವಾಸನೆ ಗೊತ್ತಾಗುದಿಲ್ಲ,” ಎಂದರು ಹಿಲ್ಡಾ, ಚಾ ಕಪ್ಪುಗಳನ್ನು ಮೇಜಿನ ಮೇಲಿಡುತ್ತ. “ಕೋವಿಡ್ ಬಂದ ಮೇಲೆ ಮೂಗು ಸತ್ತು ಹೋಗಿದೆ, ಕಣ್ಣೂ ಈಗ ಮಸುಕು. ಯಾರಿಗೂ ಹೇಳಿಲ್ಲ. ರುಚಿ ನೋಡುದು ನಾನು. ನಾನು ಆಸ್ಪತ್ರೆಯಲ್ಲಿದ್ದೆ.”

ಮೋರಿಸ್ ಹೆಂಡತಿಯನ್ನು ನೋಡಿದ ನೋಟದಲ್ಲಿ ಬೇಡಿಕೆಯೂ ನಾಚಿಕೆಯೂ ಇದ್ದವು. ಆಮೇಲೆ ಮಗನತ್ತ ತಿರುಗಿದರು. “ಆಲ್ರಾಯ್? ಅವರು ಹೇಳಿದ್ದು ಸುಳ್ಳು ಅಂತ ಹೇಳು.”

ಆಲ್ರಾಯ್ ಎರಡೇ ಹೆಜ್ಜೆಗೆ ಅಲ್ತಾರಿನ ಬಳಿ ಬಂದು ಕೊನೆಯ ಗೊಂಚಲಿಗೆ ಕೈ ಹಾಕಿದ.

ಊರುಗೋಲು ಅವನ ಮಣಿಕಟ್ಟಿಗೆ ಬಿತ್ತು. ಕಟ್ಟಿಗೆ ಮುರಿದಂಥ ಸದ್ದು.

“ಮುಟ್ಟಬೇಡ,” ಎಂದರು ಹಿಲ್ಡಾ. ದನಿ ಏರಿರಲಿಲ್ಲ.

“ಮಮ್ಮಾ! ಆರ್ ಯು ಕ್ರೇಜಿ?” ಅವನು ಕೈ ಹಿಡಿದುಕೊಂಡು ಹಿಂದೆ ಸರಿದ. “ಫೈನ್. ಯೆಸ್. ನಾನೇ ಮಾಡ್ಸಿದೆ. ಈ ವರ್ಷ ಫಾಗ್ ಬರ್ಲೇ ಇಲ್ಲ, ಓಕೆ? ನಾಟ್ ಒನ್ ಬ್ಲಡಿ ಮಾರ್ನಿಂಗ್. ಹಣ್ಣು ಬಳ್ಳಿ ಮೇಲೆ ಸುಮ್ನೆ ಸುಟ್ಟು ಹೋಗ್ತಿತ್ತು. ಡ್ಯಾಡ್ ಏನಂತಾರೆ? ‘ಒಂದು ವರ್ಷ ಬಿಟ್ಟುಬಿಡುವಾ, ದೇವರು ಕೊಡ್ಲಿಲ್ಲ.’ ಒಂದು ವರ್ಷ ಬಿಟ್ರೆ ಸಿಡ್ನಿಯಲ್ಲಿ ನಮ್ಮ ಜಾಗಕ್ಕೆ ಇನ್ನೊಬ್ಬ ಬಂದು ಕೂರ್ತಾನೆ! ಕೆಳಗಿನ ತೋಟದಲ್ಲಿ ಬೂಷ್ಟು ಹತ್ತಿದೆ ಅಂತ ಅವ್ರಿಗೆ ಹೇಳ್ದೆ, ನಂಬಿದ್ರು. ನೀವಿಬ್ರೂ ರೋಸರಿ ಮಾಡ್ಕೊಂಡು ಕೂತಿರಿ. ಈ ಹೆಸರು ಉಳ್ಸೋನು ನಾನು.”

“ಯಾರ ಹೆಸರು?” ಎಂದರು ಹಿಲ್ಡಾ.

ಅವನು ಮಣಿಕಟ್ಟು ತಿಕ್ಕಿಕೊಂಡ.

ವೇದಾವತಿ ಗೊಂಚಲಿನ ಫೋಟೋ ತೆಗೆದಳು, ಹತ್ತಿರದಿಂದ, ದೂರದಿಂದ, ಇಡೀ ಕೋಲಿನ ಸಮೇತ. ಆಮೇಲೆ ಕೇಳಿದಳು: “ಅದ್ದಿದ್ದು ಯಾರು?”

“ಐ ಟೋಲ್ಡ್ ಯು. ನಾನೇ. ಯೂಟ್ಯೂಬ್ ನೋಡ್ಕೊಂಡು.”

“ನಿಮ್ಮ ಕೈ ಅಲ್ಲ ಇದು. ಒಂದು ಹಣ್ಣೂ ಸೀಳಿಲ್ಲ. ಒಳಗಿನ ಇಕ್ಕಟ್ಟಿನ ಹಣ್ಣನ್ನ ಕತ್ತರೀಲೆ ಬಿಡಿಸಿ ಗಾಳಿ ಆಡೋ ಹಂಗ ಮಾಡ್ಯಾರ. ಇದು ಇಪ್ಪತ್ತು ವರ್ಷ ಇದನ್ನೇ ಮಾಡಿದವರ ಕೈ.”

“ಹಾಗಾದ್ರೆ ಜೀವನ್. ಅವ್ನೇ ಕಲ್ತಿರ್ಬೇಕು.”

“ಜೀವನ್ ಮೈಸೂರಿನವ್ನು. ಇಲ್ಲಿಗೆ ಬರೋ ತನಕ ದ್ರಾಕ್ಷಿ ಬಳ್ಳೀನ ಕಂಡಿರ್ಲಿಲ್ಲ.” ಅವಳು ಒಂದು ಹೆಜ್ಜೆ ಮುಂದಿಟ್ಟಳು. “ಅವನು ನಿಮ್ಮ ಮೋಸ ಕಂಡ. ಹೊರಗೆ ಹಾಕ್ತೀನಿ ಅಂದ. ಅದಕ್ಕೇ ಕಳ್ಳ ಅಂದ್ರಿ. ಶೆಡ್ಡು ಸುಟ್ಟ ಕೂಡ್ಲೆ ನಿಮ್ಮ ಪುರಾವೆನೂ ಸುಟ್ಟು ಹೋಯ್ತು, ಆರೋಪಾನೂ ಅವನ ತಲೆ ಮ್ಯಾಲೆ ಬಂತು. ಇದರಿಂದ ಯಾರಿಗೆ ಲಾಭ ಆತು ಅಂತ ನಾಳೆ ಕೋರ್ಟಿನ್ಯಾಗ ಕೇಳಸ್ತೀನಿ. ಬೆಂಕಿ ಇಟ್ಟವ್ರು ನೀವೇ!”

“ನಾನು ಪೂಜೆಯಲ್ಲಿದ್ದೆ! ಇನ್ನೂರು ಜನ ನೋಡಿದ್ದಾರೆ! ಆಸ್ಕ್ ದ ಫಾದರ್!”

“ಹಾಗಾದ್ರೆ ಯಾರನ್ನಾದ್ರೂ ಕಳಿಸಿರ್ತೀರಿ.”

“ಅವನು ಯಾರನ್ನೂ ಕಳಿಸ್ಲಿಲ್ಲ,” ಎಂದರು ಹಿಲ್ಡಾ.

ಮೂವರೂ ಅವರತ್ತ ತಿರುಗಿದರು. ಹಿಲ್ಡಾ ಕುರ್ಚಿಯಲ್ಲಿ ಕೂತು ಊರುಗೋಲನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡರು.

“ಆಸ್ಪತ್ರೆಯಿಂದ ಬಂದ ದಿನ ಅಲ್ತಾರಿನ ಎದುರು ನಿಂತೆ. ಬಣ್ಣ ನೋಡಿದೆ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಸೋಪಿನ ಎಣ್ಣೆ. ಫಾದರ್ ಮಂತ್ರಿಸಿದ ಹಣ್ಣನ್ನು ನಾನು ಉಗುಳಿದೆ, ಅಮ್ಮಾ. ಜೀವನದಲ್ಲಿ ಮೊದಲ ಸಲ.” ಅವರು ಊರುಗೋಲನ್ನು ಬಿಗಿಯಾಗಿ ಹಿಡಿದರು. “ಭಾನುವಾರ ಇವರಿಬ್ಬರೂ ಪೂಜೆಗೆ ಹೋದ ಮೇಲೆ ಕೋಲು ಊರಿಕೊಂಡು ಗುಡ್ಡ ಹತ್ತಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯಿಂದ ನೋಡಿದರೆ ಮನುಷ್ಯರ ಸುಳಿವಿಲ್ಲ, ಸಾಲು ಸಾಲು ಚೌಕಟ್ಟು, ಅದರ ಮೇಲೆ ಹಿಂಡಲು ಇನ್ನೂ ಉಳಿದ ನನ್ನ ಹೆಸರಿನ ಹಣ್ಣು. ಹಣ್ಣಿಗೆ ಹೊದಿಸಿದ ಬಲೆ ಕಿಟಕಿಯಿಂದ ಹೊರಗೆ ನೇತಾಡ್ತಾ ಇತ್ತು. ಅಲ್ತಾರಿನ ಬೆಂಕಿಪೊಟ್ಟಣ ಕಿಸೆಯಲ್ಲಿತ್ತು. ಗೀರಿ ಬಲೆಗೆ ಹಿಡಿದೆ.”

“ಹಿಲ್ಡಾ,” ಎಂದರು ಮೋರಿಸ್, ಕೇಳಿಸದಷ್ಟು ಮೆಲ್ಲಗೆ.

ವೇದಾವತಿ ಮೇಜಿಗೆ ಕೈ ಬಡಿದಳು. ಅವಳ ದನಿ ಗುಡುಗಿತು. “ಮೂರು ವಾರದಿಂದ ಅವನು ಒಳಗಿದ್ದಾನೆ! ನೀವು ಇಲ್ಲಿ ಕೂತು ಚಾ ಕುಡೀತಿದ್ದೀರಿ?”

“ಬೈಯಿರಿ. ಬೈಯಬೇಕು.” ಹಿಲ್ಡಾ ತಲೆ ತಗ್ಗಿಸಲಿಲ್ಲ. “ಹೊಗೆಯಲ್ಲಿ ನಾನು ಬಿದ್ದಿದ್ದೆ. ಸಾಮಾನು ಕಟ್ಟಿಕೊಂಡು ಹೊರಟಿದ್ದ ಜೀವನ್ ಹೊಗೆ ಕಂಡು ಓಡಿ ಬಂದು, ನನ್ನನ್ನು ಎತ್ತಿ ದೂರ ಕೂರಿಸಿದ. ನಾನು ಹೇಳಿದೆ, ಯಾರಿಗೂ ಹೇಳಬೇಡ ಮಗಾ, ಎರಡು ದಿನದಲ್ಲಿ ಎಲ್ಲ ಸರಿಯಾಗ್ತದೆ ಅಂತ. ಆಮೇಲೆ ಮಗನ ಹತ್ತಿರ ಎಲ್ಲ ಒಪ್ಪಿಕೊಂಡೆ; ಅವನು ಹೇಳಿದ, ಜೀವನ್‌ನನ್ನು ಬಿಡಿಸ್ತೇನೆ, ನೀನು ಬಾಯಿ ಮುಚ್ಚಿಕೋ ಅಂತ. ನಾನು ನಂಬಿದೆ. ತಾಯಿ ಅಲ್ಲವಾ, ನಂಬುದು. ನಿನ್ನೆ ಲಾಯರಿಗೆ ನಾನೇ ಫೋನ್ ಮಾಡಿ ಕೇಳಿದೆ. ಬಿಡಿಸ್ಲಿಕ್ಕೆ ಇವನು ಒಂದು ಮಾತೂ ಆಡಿಲ್ಲ.”

“ನಾಳೆ ಹತ್ತು ಗಂಟೆಗೆ ಇದನ್ನೇ ಕೋರ್ಟಿನಲ್ಲಿ ಹೇಳ್ತೀರಾ?”

“ಹೇಳ್ತೇನೆ.”

“ಶೀ ಕಾಂಟ್!” ಆಲ್ರಾಯ್ ಕಿರುಚಿದ. “ಪೇನ್‌ಕಿಲ್ಲರ್ ಮೇಲಿದ್ದಾಳೆ. ಏನೇನೋ ಕಲ್ಪಿಸ್ಕೊಳ್ತಾಳೆ. ಡಾಕ್ಟರ್ ಹತ್ರ ಲೆಟರ್ ತಗೋತೀನಿ. ಯಾರೂ ನಂಬಲ್ಲ!”

“ಇದನ್ನಾದರೂ ನಂಬ್ತಾರಾ ನೋಡುವಾ.” ಹಿಲ್ಡಾ ವೇದಾವತಿಯ ಕಡೆಗೇ ನೋಡುತ್ತ ಮುಂದುವರಿಸಿದರು. “ಬೆಂಕಿ ಹತ್ತಿದ ಮೇಲೆ ಒಳಗಿನಿಂದ ಒಬ್ಬ ಕೂಗಿದ. ‘ಯವ್ವಾ, ಬಾಗಿಲಾ ತೆಗೀರಿ’ ಅಂತ. ನನ್ನ ಕೈಯಿಂದ ಒಬ್ಬ ಸಾಯ್ತಾನೆ ಅಂತ ಆಗ ಗೊತ್ತಾಯಿತು. ಎದ್ದು ಬಾಗಿಲ ಹತ್ತಿರ ಹೋಗುವಾಗಲೇ ನಾನು ಬಿದ್ದದ್ದು. ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದಿದ್ದರು. ನನ್ನನ್ನು ಕೂರಿಸಿ ಜೀವನ್ ತಿರುಗಿ ಓಡಿದ. ಕಾದ ಚಿಲಕವನ್ನು ಬರಿಗೈಯಲ್ಲಿ ಕಿತ್ತ. ಒಳಗಿದ್ದವನನ್ನು ಎಳೆದು ತಂದ.”

ಯವ್ವಾ. ಮಂಗಳೂರಿನ ಕಡೆಯವರ ಬಾಯಲ್ಲಿ ಬರುವ ಮಾತಲ್ಲ ಅದು. ತಿಕೋಟಾದ ಶೆಡ್ಡುಗಳಲ್ಲಿ ವೇದಾವತಿ ಕೇಳುತ್ತ ಬೆಳೆದ ಕೂಗು.

“ಮನುಷ್ಯನನ್ನ ಒಳಗ ಹಾಕಿ ಬೀಗ ಜಡದಿದ್ರೇನು?” ಅವಳು ಆಲ್ರಾಯ್‌ನ ಎದೆಯಂಗಿ ಹಿಡಿದಳು. ಹಿಡಿದದ್ದು ಅವಳಿಗೇ ತಿಳಿಯಲಿಲ್ಲ. “ದನಾ ಕಟ್ಟಿದಂಗ?”

“ಜನ ನೋಡ್ಬಾರ್ದು ಅಂತ... ಒಂದೆರಡು ವಾರಕ್ಕೆ ಅಷ್ಟೇ... ಊಟ ಕೊಡ್ತಿದ್ದೆ...”

“ಅವನೀಗ ಎಲ್ಲಿ?”

“ನಾವು ಪೂಜೆಯಿಂದ ಬಂದಾಗ ಅವನು ಅಂಗಳದಲ್ಲಿ ಕೂತು ಕೆಮ್ಮುತ್ತಿದ್ದ,” ಎಂದರು ಮೋರಿಸ್, ನಿದ್ದೆಯಿಂದ ಎದ್ದವರಂತೆ. “ಯಾರೋ ಕೂಲಿಯವನು ಅಂದುಕೊಂಡೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ ಅಂತ ನೀನೇ ಕಾರಿಗೆ ಹತ್ತಿಸಿದೆ. ಫೈರ್ ಇಂಜಿನ್ ಬರುವ ಮೊದಲೇ.”

“ಯಾವ ಆಸ್ಪತ್ರೆ?” ವೇದಾವತಿ ಅಂಗಿ ಬಿಡಲಿಲ್ಲ.

“ಹೀ ವಾಸ್ ಫೈನ್! ಆಸ್ಪತ್ರೆ ಬೇಡ, ಮನೆಗೆ ಹೋಗ್ತೀನಿ ಅಂದ. ಏರ್‌ಪೋರ್ಟಿಗೆ ಬಿಟ್ಟೆ. ಅದೇ ದಿನ ಇಂಡಿಯಾಕ್ಕೆ ಹೋದ. ಐ ಸ್ವೇರ್. ಊರಲ್ಲಿ ಆರಾಮಾಗಿದ್ದಾನೆ.”

ಹಿಲ್ಡಾ ಮೆಲ್ಲಗೆ ಎದ್ದರು. ಅಡಿಗೆಮನೆಯ ಕಪಾಟು ತೆರೆದು ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ನೀಲಿ ಪಾಸ್‌ಪೋರ್ಟ್ ತಂದು ಚಾ ಕಪ್ಪುಗಳ ನಡುವೆ ಇಟ್ಟರು.

“ನಿನ್ನೆ ನಿನ್ನ ಆಫೀಸಿನ ಮೇಜಿನಲ್ಲಿ ಸಿಕ್ಕಿತು,” ಎಂದರು.

ವೇದಾವತಿ ತೆರೆದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಯಲ್ಲಿ ವಿಭೂತಿ, ಕ್ಯಾಮೆರಾಕ್ಕೆ ಹೆದರಿದ ಕಣ್ಣು. ಹೆಸರು ಈರಯ್ಯ. ಹುಟ್ಟಿದ ಊರು ವಿಜಯಪುರ. ಈ ದೇಶಕ್ಕೆ ಬಂದ ಗುರುತಿಗೆ ವೀಸಾದ ಕಾಗದವೊಂದನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟಿದ್ದರು.

ಆಲ್ರಾಯ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

“ಇದು ಇಲ್ಲದೆ,” ಎಂದು ಕೇಳಿದರು ಹಿಲ್ಡಾ, “ಅವನನ್ನು ಯಾವ ವಿಮಾನ ಹತ್ತಿಸಿದೆ, ಪುತಾ?”